ನೇರಳೆ ಚುಕ್ಕೆಯ ರಾಣಿ

ವಿಶ್ವವಿದ್ಯಾಲಯದ ವಸತಿಗೃಹ,
ಭಾನುವಾರ ಮಧ್ಯಾಹ್ನ

ನನ್ನ ‘ರೀ’ಗೆ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಹೋಯಿತೇ? ಆ ದ್ವೀಪದಲ್ಲಿ ಕಾಡುಜೇನಿನ ಹಿಂದೆ ಅಲೆಯುವಾಗ ನಿಮಗೆ ಊಟದ ನೆನಪಾದರೂ ಇರುತ್ತದೋ ಇಲ್ಲವೋ, ದೇವರಿಗೇ ಗೊತ್ತು. ಫೋನಂತೂ ಸಿಗದು, ವಾರಕ್ಕೊಂದು ದೋಣಿಯೇ ಗತಿ. ಮನೆಯಲ್ಲಿ ಎಲ್ಲರೂ ಕ್ಷೇಮ. ನೆಮ್ಮದಿಯಿಲ್ಲದಿರುವುದು ನನಗೊಬ್ಬಳಿಗೆ, ಅದಕ್ಕೆ ಕಾರಣ ವಿಭಾಗದಲ್ಲಿ ನಿಮ್ಮ ಪಕ್ಕದ ಕೋಣೆಯ ಸಕ್ಕರೆ ಮೇಷ್ಟ್ರು. (ಅವರ ಮಾತಿನ ಸಿಹಿಗೆ ನಾನಿಟ್ಟ ಹೆಸರು, ನಗಬೇಡಿ.)

ನೀವು ಅತ್ತ ಹೋದದ್ದೇ ತಡ, ಆ ಮನುಷ್ಯನಿಗೆ ನಮ್ಮ ಮೇಲೆ ಎಲ್ಲಿಲ್ಲದ ಅಕ್ಕರೆ. “ಜೇನುಪೆಟ್ಟಿಗೆ ಚಿಂತೆ ನಿಮಗ್ಯಾಕೆ ಮೇಡಂ, ನಾನಿಲ್ವಾ?” ಅಂತ ನಿಮ್ಮ ಪೆಟ್ಟಿಗೆಗಳಿರುವ ವಿಭಾಗದ ಚಾವಣಿಯ ಕೀಲಿಕೈ ಇಸಿದುಕೊಂಡರು. ಆಗಲೇ ನನಗೆ ವಾಸನೆ ಬಡಿದಿತ್ತು. ಮೊನ್ನೆ ವಿಶ್ವವಿದ್ಯಾಲಯದ ವಾರಪತ್ರಿಕೆ ಬಂತು ನೋಡಿ, ಮುಖಪುಟದಲ್ಲೇ ಹಲ್ಲು ಕಿರಿದು ನಿಂತಿದ್ದಾರೆ! ಕುಟುಕದ ಸಾಧು ಜೇನುತಳಿ ಬೆಳೆಸಿದರಂತೆ, ಹೊಸ ಸಂಶೋಧನೆಯಂತೆ. ಕೆಳಗೆ ರಾಣಿಜೇನಿನ ದೊಡ್ಡ ಚಿತ್ರ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಬೆನ್ನ ಮೇಲೆ ನೇರಳೆ ಚುಕ್ಕೆ! ರಾಣಿಯ ವಯಸ್ಸು ತಿಳಿಯಲೆಂದು ನೀವೆಲ್ಲ ವರ್ಷಕ್ಕೊಂದು ಬಣ್ಣದ ಚುಕ್ಕೆ ಇಡುತ್ತೀರಲ್ಲ, ಆ ಬಣ್ಣಗಳಲ್ಲಿ ನೇರಳೆ ಎಲ್ಲಿದೆ? ನಿಮ್ಮ ಬಣ್ಣ ಒಣಗಿಹೋಯಿತೆಂದು ನನ್ನ ಉಗುರುಬಣ್ಣ ಎತ್ತಿಕೊಂಡು ಹೋಗಿ ಚುಕ್ಕೆ ಇಟ್ಟವರು ನೀವು. ತಂಗಿಯ ಮದುವೆಗೆಂದು ತಂದಿದ್ದ ಸೀಸೆ ಅದು. ಮಾತು ಬಿಟ್ಟು ಕೂತಿದ್ದೆನಲ್ಲ, ಮರೆತಿಲ್ಲ ತಾನೆ?

ನಿನ್ನೆ ವಿಭಾಗದಲ್ಲಿ ಜೇನುಪ್ರದರ್ಶನ. ಹತ್ತೂ ಬೆರಳಿಗೆ ಅದೇ ಬಣ್ಣ ಬಳಿದುಕೊಂಡು ನಾನೂ ಹೋದೆ. ಗಾಜಿನ ಪೆಟ್ಟಿಗೆಯಲ್ಲಿದ್ದ ರಾಣಿಯ ಪಕ್ಕ ಬೆರಳಿಟ್ಟು, “ಬಣ್ಣ ಚೆನ್ನಾಗಿದೆ ಸಾರ್, ಯಾವ ಅಂಗಡೀದು?” ಅಂದೆ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ದ್ವೀಪಕ್ಕೆ ಹೋಗೋ ಅವಕಾಶ ನನಗೆ ಬಂದಿತ್ತು ಮೇಡಂ. ನಾನು ಅದನ್ನ ಬಿಟ್ಟುಕೊಟ್ಟೆ, ನಿಮ್ಮೆಜಮಾನ್ರು ರಾಣೀನ ಕೊಟ್ರು. ಬೇಕಾದ್ರೆ ಅವರನ್ನೇ ಕೇಳಿ.”

ಅಬ್ಬಬ್ಬಾ, ಎಂಥ ಸುಳ್ಳು! ಏಳು ವರ್ಷ ಹೆಂಡತಿ ಮಗಳ ಮುಖವನ್ನೂ ಸರಿಯಾಗಿ ನೋಡದೆ ಬೆಳೆಸಿದ ತಳಿಯನ್ನು ಯಾರಾದರೂ ಹಾಗೆ ಕೊಡುತ್ತಾರೆಯೇ? ನಾನು ಖಂಡಿತ ನಂಬಲಿಲ್ಲ. ಆದರೆ ಹೊರಡುವ ದಿನ, ಕೊನೇ ಸಲ ಜೇನುಪೆಟ್ಟಿಗೆ ನೋಡಿಕೊಂಡು ಬನ್ನಿ ಎಂದು ನಾನೇ ಹೇಳಿದರೂ ನೀವು ಚಾವಣಿ ಹತ್ತಲಿಲ್ಲ. ಅದು ನೆನಪಾದಾಗಿನಿಂದ ಅನ್ನ ಸೇರುತ್ತಿಲ್ಲ.

ಅತ್ತೆಯವರ ಆಶೀರ್ವಾದ, ಮಗಳ ಮುತ್ತುಗಳು. ಬಿಸಿನೀರನ್ನೇ ಕುಡಿಯಿರಿ.

ನಿಮ್ಮವಳು

ಮುಖ್ಯವಾದದ್ದೇ ಬಿಟ್ಟುಹೋಯಿತು: ನಿನ್ನೆ ಎಲ್ಲರೂ ಚಹಾಕ್ಕೆ ಎದ್ದಾಗ ರಾಣಿಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬಂದುಬಿಟ್ಟೆ. ನಿಮ್ಮ ಮೇಜಿನಲ್ಲಿದ್ದ ಇನ್ನೊಂದು ಕೀಲಿಕೈಯಿಂದ ಚಾವಣಿ ಬಾಗಿಲು ತೆಗೆದು ನಿಮ್ಮ ಪೆಟ್ಟಿಗೆಗೇ ಸೇರಿಸಿದ್ದೇನೆ. ಮೇಷ್ಟ್ರು ಇನ್ನೂ ಯಾರಿಗೂ ದೂರು ಕೊಟ್ಟಿಲ್ಲ; ನಿಮ್ಮ ಉತ್ತರ ಬರಲಿ ಎಂದು ನಿಶ್ಚಿಂತೆಯಿಂದ ಇದ್ದಂತಿದೆ, ಅದೇ ನನಗೆ ಭಯ. ನಿಜ ಬರೆಯಿರಿ, ನೀವೇ ಕೊಟ್ಟಿರಾ? ಕೊಟ್ಟಿದ್ದರೆ ಈ ಮನೆಯ ಕಳ್ಳಿ ನಾನೇ.