ಗೂಟ ಹೊಡೆದವರ ಹೆಸರು

ಹಾನಗಲ್ಲ
ತಾ. 9-2-1961

ಚಿರಂಜೀವಿ ತಮ್ಮ ಶಿದ್ಲಿಂಗಪ್ಪನಿಗೆ ನಿನ್ನ ಅಕ್ಕ ಗುತ್ತೆವ್ವ ಮಾಡುವ ಆಶೀರ್ವಾದ.

ನೀನು ಹೇಗಿದ್ದೀ? ಮಾದೇವಿಯ ಮೊಣಕಾಲು ನೋವು ಇಳಿಯಿತೇ? ಸಣ್ಣವಳು ಕರೆವ್ವನ ಕೆಮ್ಮು? ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟೇ ಮೊದಲು ಬರುತ್ತಿತ್ತು. ಅದು ಆರಲಿ ಎಂದು ಬಿಟ್ಟೆ. ಪೂರ್ತಿ ಆರಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನೇಕಾರರ ಸಂಘದ ಸಭೆಗೆ ಶಿಗ್ಗಾವಿಯಿಂದ ಬಂದವನು ಮನೆಗೆ ಬಾರದೆ ಹೋದೆ. ಆಮೇಲೆ ಇಲ್ಲಿ ಆದದ್ದನ್ನು ಕೇಳು. ಆ ಸಭೆಯಲ್ಲಿ ನೀವು ಪಂಚರು, ಡಾಬಿಯ ಮರದ ಪಟ್ಟಿಗೆ ಗೂಟ ಹೊಡೆದು ಅಂಚಿನ ಯಾವ ಎಳೆ ಯಾವಾಗ ಏಳಬೇಕೆಂದು ಮಗ್ಗಕ್ಕೆ ಹೇಳುವ ಕೆಲಸವನ್ನು ನನ್ನಿಂದ ತೆಗೆದು ಲಕ್ಕಪ್ಪನಿಗೆ ಕೊಟ್ಟಿರಿ. ನನ್ನದು ಐದು ವರ್ಷ, ಅವನದು ಮೂವತ್ತು. ಪಂಚರಿಗೆ ಅಷ್ಟು ಸಾಕಾಯಿತು. ಲಕ್ಕಪ್ಪನ ಕೈ ಸುಳ್ಳಲ್ಲ. ಆದರೆ ಆ ಮೂವತ್ತು ವರ್ಷವೂ ಅವನು ಹೊಡೆದದ್ದು ರುದ್ರಾಕ್ಷಿ ಅಂಚಿನ ಗೂಟ. ಸವಣೂರಿನ ವ್ಯಾಪಾರಿ ಮಲ್ಲಿಕಸಾಬರು ಈ ಸಲ ಕೇಳಿದ್ದು ಬಳ್ಳಿ ಅಂಚು.

ಮಗ್ಗಕ್ಕೆ ಹಾಸಿನ ಎಳೆ ಏರಿಸಿ, ಕಾಯಿ ಒಡೆದು ಪೂಜೆ ಮಾಡಿದ ಮೇಲೆ ಆ ಹಾಸು ಮುಗಿಯುವ ತನಕ ಗೂಟ ಕೀಳಬಾರದೆಂಬುದು ನಮ್ಮಲ್ಲಿಯ ಪದ್ಧತಿ. ಅದಕ್ಕೇ ನಾನು ಪೂಜೆಗೆ ಮೊದಲು ಗೇಣುದ್ದ ನೇಯ್ದು, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಲಕ್ಕಪ್ಪನಿಗೂ ಹಾಗೇ ಮಾಡು ಎಂದೆ.

“ಮೂವತ್ತ ವರ್ಷದಾಂವಗ ಪರೀಕ್ಷಾ ಹಚ್ತೀರೇನ್ರಿ, ಅಕ್ಕಾರ?” ಎಂದು ನಕ್ಕ. ನೇರ ಕಾಯಿ ಒಡೆದ.

ಒಂದು ಗೂಟ ತಪ್ಪಿತ್ತು. ಏಳಬೇಕಾದ ಎಳೆ ಏಳದೆ, ಬಳ್ಳಿಯ ಪ್ರತಿ ಎಲೆಯ ತೊಟ್ಟೂ ಕಡಿದು ಬಿತ್ತು. ಮೊದಲ ಸೀರೆಯಲ್ಲೇ ಕಂಡು ತೋರಿಸಿದೆ. ಕಾಯಿ ಒಡೆದಾಗಿದೆ, ಈಗ ಕಿತ್ತರೆ ಕೇಡು ಎಂದ. ಮಗ್ಗಕ್ಕೆ ಏನು ತಿಳಿಯುತ್ತದೆ? ಹೇಳಿದ್ದನ್ನು ಹೇಳಿದ ಹಾಗೆ ಹಾಸು ಮುಗಿಯುವ ತನಕ ನೇಯಿತು.

ಮಲ್ಲಿಕಸಾಬರು ಇಡೀ ಗಂಟನ್ನು ತಿರುಗಿ ತಂದು ಇಳಿಸಿದರು. ಎಲ್ಲರೆದುರು ಸೀರೆ ಬಿಚ್ಚಿ ಹಾಸಿ, “ಒಂದರಾಗ ಇದ್ರ ನೇಯ್ದ ಕೈ ತಪ್ಪು ಅಂತಿದ್ನಿ. ಎಲ್ಲಾದ್ರಾಗೂ ಅಲ್ಲೇ ಕಡದೈತಿ. ಇದು ಗೂಟದ್ದರಿ” ಎಂದರು. ಇನ್ನು ಹಾನಗಲ್ಲ ಸೀರೆ ಬೇಡವೆಂದೂ ಹೇಳಿಹೋದರು.

ಮೊನ್ನೆ ಲಕ್ಕಪ್ಪ ಬಾಗಿಲಿಗೆ ಬಂದ. ಹೊಸ ಪಟ್ಟಿಗೆ ನಾನು ಗೂಟ ಹೊಡೆಯಬೇಕಂತೆ. ಕೆಲಸ ಮಾತ್ರ ಹಿರಿಯನಾದ ಅವನ ಹೆಸರಿನಲ್ಲೇ ನಡೆಯುತ್ತದಂತೆ.

“ತಪ್ಪಾದ್ರ ಯಾರ ಹೆಸರು ಹೇಳ್ತೀರಿ, ಲಕ್ಕಪ್ಪ?” ಎಂದೆ.

ಹಾಗೆ ಹೊಡೆಯಲೊಲ್ಲೆ ಎಂದು ಹೇಳಿ, ಚಹಾ ಕುಡಿಸಿ ಕಳಿಸಿದೆ. ಈಗ ಮಂದಿಯ ಮಗ್ಗಕ್ಕೆ ಕಂಡಿಕೆಗೆ ನೂಲು ಸುತ್ತುತ್ತಿದ್ದೇನೆ. ಹೊಟ್ಟೆಗೆ ಸಾಲುತ್ತದೆ, ಕೈಗೆ ಸಾಲುವುದಿಲ್ಲ.

ಮಾದೇವಿಗೂ ಕರೆವ್ವನಿಗೂ ನನ್ನ ಆಶೀರ್ವಾದ. ಎಲ್ಲರೂ ಸುಖವಾಗಿರಿ.

ಇಂತಿ ನಿನ್ನ ಅಕ್ಕ,
ಗುತ್ತೆವ್ವ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. “ಗೂಟ ಅಕ್ಕ ಹೊಡೀಲಿ, ಹೆಸರು ನಿಂದಾ ಇರ್ಲಿ” ಎಂದು ಲಕ್ಕಪ್ಪನಿಗೆ ಹೇಳಿ ಕಳಿಸಿದವನು ನೀನಂತೆ. ಹೊರಡುವಾಗ ಲಕ್ಕಪ್ಪ ತಲೆ ತಗ್ಗಿಸಿ ಹೇಳಿದ. ಉಳಿದ ಪಂಚರು ಯಾರೂ ನಾನು ಗೂಟ ಹೊಡೆಯುವುದನ್ನು ಕೂತು ನೋಡಿದವರಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀನು ಪಕ್ಕದಲ್ಲಿ ಕೂತು ನೋಡಿದವನು. ಆ ಮಾತು ನಿನ್ನದು ಹೌದೋ ಅಲ್ಲವೋ, ಅಷ್ಟನ್ನಾದರೂ ಬೇಗ ಬರೆ.