ಮೊರದ ಮೊದಲ ಹಿಡಿ

ಧನಗೆರೆ
೧೪ ಡಿಸೆಂಬರ್ ೨೦೨೪

ಸಿಂಧುವಿನ ಅಪ್ಪನಿಗೆ,

ಶರಣು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಕೈ ಏಳುತ್ತಿಲ್ಲ. ಬರೆಯುತ್ತಿರುವುದೂ ಎಡಗೈಯಲ್ಲಿ. ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ, ಯಾಕೆಂದು ನಿಮಗೆ ಗೊತ್ತು. ಕಾಗೆ ಕಾಲು ಗುಬ್ಬಿ ಕಾಲು ಎಂದು ನನ್ನ ಅಕ್ಷರ ನೋಡಿ ನಗಬೇಡಿ. ಫೋನಿನಲ್ಲಿ ನೀವು ಕೂಗುತ್ತೀರಿ, ನಾನು ಬಾಯಿ ಮುಚ್ಚುತ್ತೇನೆ. ಹನ್ನೊಂದು ವರ್ಷ ಹಾಗೇ ಕಳೆಯಿತು. ಕಾಗದದ ಮೇಲೆ ನೀವು ಎಷ್ಟು ಕೂಗಿದರೂ ಅದು ಸುಮ್ಮನಾಗುವುದಿಲ್ಲ. ಜೊತೆಗೊಂದು ಪೊಟ್ಟಣ ಇಟ್ಟಿದ್ದೇನೆ. ಓದಿ ಮುಗಿಯುವ ತನಕ ಅದನ್ನು ಬಿಚ್ಚಬೇಡಿ.

ಬುಧವಾರ ನಿಮ್ಮ ಚಿಕ್ಕಪ್ಪ ಶಿವಕುಮಾರಸ್ವಾಮಿಯವರು ಇಲ್ಲಿಗೆ, ನನ್ನ ತವರಿಗೆ ಬಂದಿದ್ದರು. ನೀವು ಬರೆಸಿದ ಹೇಳಿಕೆಯನ್ನು ನನ್ನ ಮುಂದಿಟ್ಟರು. ಇಲಿಗೆಂದು ವಿಷ ಕಲಸಿಟ್ಟಿದ್ದ ನುಚ್ಚಕ್ಕಿಯನ್ನು ನಾನೇ ತಿಳಿಯದೆ ಹಕ್ಕಿಯ ಮೊರಕ್ಕೆ ಸುರಿದೆ, ಅದನ್ನು ತಿಂದು ಮಾವ ರುದ್ರಸ್ವಾಮಿಯವರು ತೀರಿಕೊಂಡರು ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದಿರಿ. "ಎಂಗ್ಸು ತಿಳೀದೆ ಮಾಡ್ಬುಟ್ಟದ ಅಂದ್ರ ಪೊಲೀಸ್ನೋರೂ ಸುಮ್ಕಾಯ್ತರ ಕವ್ವ. ಗಂಡ ಎಂಡ್ರ ಜಗಳ ಉಂಡು ಮನಗೋಗಂಟ" ಎಂದರು ಚಿಕ್ಕಪ್ಪ. ನಮ್ಮವ್ವ ಪುಟ್ಟಮಲ್ಲಮ್ಮನ ಬಾಯಿ ನಿಮಗೆ ಗೊತ್ತಲ್ಲ. "ಉಂಡೋರು ಸತ್ತೇ ಓದ್ರಲ್ಲ ಸ್ವಾಮಿ, ಇನ್ನೆಲ್ಲಿ ಮನಗದು" ಎಂದಳು. ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಚಿಕ್ಕಪ್ಪ ಎದ್ದು ಹೋದರು.

ಆ ಹೇಳಿಕೆಯನ್ನು ಎರಡು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ, ಸಹಿ ಹಾಕಿಬಿಡೋಣ ಎಂದೂ ಅನ್ನಿಸಿತ್ತು. ಹಾಕಿದರೆ ಶಾಗ್ಯದ ನಿಮ್ಮ ಮನೆಗೆ ವಾಪಸು ಬರಬಹುದು, ಸಿಂಧುವಿನ ಸ್ಕೂಲು ತಪ್ಪುವುದಿಲ್ಲ, ಅವಳ ಅಪ್ಪ ಜೈಲಿಗೆ ಹೋದ ಎಂದು ಯಾರೂ ಅವಳನ್ನು ಆಡಿಕೊಳ್ಳುವುದಿಲ್ಲ. ಆದರೆ ಮಾವನನ್ನು ನಾನು ಕೊಂದೆ ಎಂದು ನನ್ನ ಮಗಳು ಬೆಳೆದ ಮೇಲೆ ಆ ಹೇಳಿಕೆಯಲ್ಲಿ ಓದುತ್ತಾಳೆ. ತೂಗಿ ನೋಡಿದೆ, ಮತ್ತೆ ಮತ್ತೆ ನೋಡಿದೆ.

ಆ ಮೊರ ನಾನು ತವರಿನಿಂದ ತಂದದ್ದೆಂದು ನೀವು ಊರೆಲ್ಲ ಹೇಳಿಕೊಂಡು ಬಂದಿದ್ದೀರಿ. ಹಿತ್ತಲ ಹೊಂಗೆಮರದ ಕೊಂಬೆಗೆ ಮೂರು ಹಗ್ಗದಲ್ಲಿ ಅದನ್ನು ಕಟ್ಟಿದವರು ಮಾವ. ನಾನು ಆ ಮನೆಗೆ ಕಾಲಿಡುವ ಮೊದಲೇ ಅದು ತೂಗುತ್ತಿತ್ತು. ನಾನು ಸೇರಿಸಿದ್ದು ನೀರಿನ ಎರಡು ತೆಂಗಿನ ಚಿಪ್ಪು, ಸುಗ್ಗಿಯಲ್ಲಿ ಸೂರಿಗೆ ಕಟ್ಟುವ ಒಂದು ಕಟ್ಟು ರಾಗಿ ತೆನೆ, ಅಷ್ಟೆ. ಗುಬ್ಬಿ, ಗೊರವಂಕ, ಬೆಳವ ಬರುತ್ತಿದ್ದವು. ಗಿಣಿಗಳು ಕೊನೆಗೆ ಬಂದು ಎಲ್ಲರನ್ನೂ ಬೈದು ಓಡಿಸುತ್ತಿದ್ದವು. ಮಾವ ಸ್ನಾನ, ಲಿಂಗಪೂಜೆ ಮುಗಿಸಿ ವಿಭೂತಿ ಹಣೆಯಲ್ಲೇ ಬಂದು ಮೊರಕ್ಕೆ ಸುರಿದ ನುಚ್ಚಕ್ಕಿಯಿಂದ ಮೊದಲ ಹಿಡಿ ತೆಗೆಯುತ್ತಿದ್ದರು. ಅರ್ಧ ತಾವು ಬಾಯಿಗೆ ಹಾಕಿಕೊಂಡು, ಅರ್ಧ ಸಿಂಧುವಿನ ಕೈಗೆ ಕೊಡುತ್ತಿದ್ದರು. ತಾನು ತಿನ್ನದ್ದನ್ನು ಇನ್ನೊಬ್ಬರಿಗೆ ಇಕ್ಕಬಾರದು ಎನ್ನುವುದು ಅವರ ಮಾತು. ನೀವೂ ಚಿಕ್ಕವರಿದ್ದಾಗ ಅದೇ ಮರದ ಕೆಳಗೆ ಕೈ ಒಡ್ಡಿ ತಿಂದವರು. ಇದನ್ನು ನನಗೆ ಹೇಳಿದವರೂ ಅವರೇ.

ಈ ವರ್ಷ ಹಿತ್ತಲ ಹಿಂದಿನ ಎರಡು ಎಕರೆಗೆ ಸೂರ್ಯಕಾಂತಿ ಹಾಕಿದಿರಿ. ಗಿಣಿ ಬಂದವು. ಬರದೆ ಇರುತ್ತವೆಯೇ? ಊಟಕ್ಕೆ ನಾನು ಕರೆದು ನಿಮ್ಮ ಹೊಲಕ್ಕೆ ಕಳಿಸುತ್ತಿದ್ದೇನೆ ಎಂದು ನನ್ನ ಮೇಲೆ ಹರಿಹಾಯ್ದಿರಿ. ತಗಡು ಬಡಿದಿರಿ, ಪಟಾಕಿ ಹಚ್ಚಿದಿರಿ. ಆಮೇಲೆ ಬಲೆ ಹಾಕಿದಿರಿ. ಆರು ಗಿಣಿ ಸಿಕ್ಕ ದಿನ ಸಿಂಧು ಸ್ಕೂಲಿನಿಂದ ಬಂದು ಬ್ಯಾಗು ಕೂಡ ಇಳಿಸಿರಲಿಲ್ಲ. ಅವಳೆದುರಿಗೇ ಒಂದೊಂದರ ಕತ್ತು ಹುರುಳಿಕಾಯಿ ಮುರಿದ ಹಾಗೆ ಮುರಿದಿರಿ. ಆರನೆಯದು ನಿಮ್ಮ ಹೆಬ್ಬೆರಳು ಕಚ್ಚಿತು. ಅದನ್ನು ಮುರಿಯಲಿಲ್ಲ, ಕಲ್ಲಿಗೆ ಬಡಿದಿರಿ. ಬಡಿದದ್ದನ್ನೇ ಮತ್ತೆ ಬಡಿದಿರಿ. ಕಾಲು ಕಟ್ಟಿ ಹೊಲದ ಮೂಲೆಮೂಲೆಗೆ ಕೋಲಿಗೆ ತೂಗುಹಾಕಿದಿರಿ. ನಾನು ಬಿಚ್ಚಲು ಹೋದರೆ ಕೆನ್ನೆಗೆ ಬಿಟ್ಟಿರಿ; ಎರಡು ದಿನ ಆ ಕಿವಿ ಗುಂಯ್‌ಗುಟ್ಟುತ್ತಿತ್ತು. ಮಾವ ನಡುವೆ ಬಂದರು. "ನಮ್ಮ ಇತ್ಲಲ್ಲಿ ಉಂಡೋದವು ಕಣ್ಲಾ ಬಸವೇಸ. ಉಣ್ಣಕ್ಕ ಇಕ್ಕಿ ಕತ್ತು ಮುರಿಬಾರ್ದು, ಅದೂ ಕಾರ್ತೀಕದಲ್ಲಿ" ಎಂದರು. ನೀವು ಅಪ್ಪನನ್ನು ತಳ್ಳಿದಿರಿ. ಅವರು ಬಿದ್ದದ್ದು ಕಲ್ಲಿನ ಮೇಲಲ್ಲ, ಸಗಣಿ ಗುಂಡಿಯ ಪಕ್ಕ ಎಂದು ಆಮೇಲೆ ನೀವೇ ನಗಾಡಿದಿರಿ.

ಇನ್ನು ನನ್ನ ತಪ್ಪು. ಇದನ್ನು ಅವ್ವನಿಗೂ ಹೇಳಿರಲಿಲ್ಲ. ಆ ಭಾನುವಾರ ಸಂಜೆ ಕೊಟ್ಟಿಗೆಯಲ್ಲಿ ನೀವು ಮೂಗಿಗೆ ಟವಲು ಕಟ್ಟಿಕೊಂಡು ಬೋಸಿ ಪಾತ್ರೆಯಲ್ಲಿ ನುಚ್ಚಕ್ಕಿ ಕಲಸುತ್ತಿದ್ದಿರಿ. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬ ಪಕ್ಕದಲ್ಲಿತ್ತು. ಕೇಳಿದೆ. "ಇಲಿಗ ಕಣಮ್ಮಿ, ನಿಂಗ್ಯಾಕ ಅದು" ಎಂದಿರಿ. ನಾನು ನಂಬಿದೆ. ನಂಬಿದೆನೋ, ಮತ್ತೆ ಕೆನ್ನೆಗೆ ಬಿದ್ದೀತೆಂದು ಸುಮ್ಮನಾದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಇಲಿಗೆ ಅಷ್ಟೊಂದು ನುಚ್ಚಕ್ಕಿ ಯಾಕೆ ಎಂದು ಇನ್ನೊಂದು ಮಾತು ಕೇಳಿದ್ದರೆ ಮಾವ ಇರುತ್ತಿದ್ದರು.

ಕಾರ್ತಿಕದ ಕೊನೆಯ ಸೋಮವಾರ ಅದು. ನಾನು ಒಲೆಯ ಮುಂದೆ ಮುದ್ದೆಕೋಲಿನಲ್ಲಿ ಹಿಟ್ಟು ತೊಳಸುತ್ತಿದ್ದೆ. ಮೊರ ಆಗಲೇ ತುಂಬಿದ್ದನ್ನು ನೋಡಿ ಮಾವ ಹಿತ್ತಲಿನಿಂದಲೇ "ಇವತ್ತು ನೀನೇ ಬೇಗ ಆಕ್ಬುಟ್ಟಿದ್ದಿಯ ಕವ್ವ" ಎಂದರು. ಹೂಂ ಎಂದುಬಿಟ್ಟೆ, ಕಿವಿಗೆ ಸರಿಯಾಗಿ ಬೀಳದೆಯೇ. ನಶ್ಯ ಏರಿಸಿ ಏರಿಸಿ ಅವರ ಮೂಗಿಗೆ ವಾಸನೆ ಹತ್ತುವುದು ನಿಂತು ಎಷ್ಟೋ ವರ್ಷವಾಗಿತ್ತು. ಪುಣ್ಯಕ್ಕೆ ಸಿಂಧು ಇನ್ನೂ ಎದ್ದಿರಲಿಲ್ಲ. ನಿಮಗೂ ಊರಿಗೂ ನಾನು ಹೇಳಿರುವುದು ಇದನ್ನೇ.

ಧೊಪ್ಪೆಂದು ಸದ್ದಾಯಿತು. ಕೋಲು ಹಿಡಿದೇ ಓಡಿದೆ. ಮಾವ ಮರದ ಬುಡದಲ್ಲಿ ಬಿದ್ದು ಮಣ್ಣು ಕೆರೆಯುತ್ತಿದ್ದರು. ಬಾಯಿಂದ ನೊರೆ ಬಂದು ಎದೆಯ ಲಿಂಗದ ಕರಡಿಗೆಯ ಮೇಲೆ ಇಳಿಯುತ್ತಿತ್ತು. ಅವರ ಸುತ್ತ ಹಕ್ಕಿಗಳು ಉದುರುತ್ತಿದ್ದವು. ಒಂದು ಗೊರವಂಕ ಮಲಗಿದಲ್ಲೇ ಗಿರ್ರೆಂದು ತಿರುಗುತ್ತಿತ್ತು. ಗುಬ್ಬಿಗಳು ನನ್ನ ಕಾಲಿನ ಮೇಲೆ ಬಿದ್ದವು, ಅವುಗಳ ಮೈ ಇನ್ನೂ ಬಿಸಿಯಿತ್ತು. ಒಂದು ಗಿಣಿಯೂ ಇರಲಿಲ್ಲ. ಅವು ಬರುವ ಹೊತ್ತು ಇನ್ನೂ ಆಗಿರಲಿಲ್ಲ. ನೀವು ಬದುವಿನ ಮೇಲಿಂದ ಓಡಿ ಬಂದವರು ಮೊದಲು ನನಗೆ ಹೇಳಿದ ಮಾತು, "ನಿನ್ನ ಅಕ್ಕಿಗೋಳು ಬೇಕಿತ್ತಾ, ತಕ". ಆಮೇಲೆ ಅಪ್ಪನ ಕಡೆ ನೋಡಿದಿರಿ.

ಕುದಿಯುವ ಹಿಟ್ಟು ಮೆತ್ತಿದ್ದ ಮುದ್ದೆಕೋಲನ್ನು ನಿಮ್ಮ ಮುಖಕ್ಕೆ ಬೀಸಿದ್ದು ನಾನೇ. ಕೈ ಜಾರಿ ಬಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು. ಎರಡನೆಯ ಏಟು ಕಣ್ಣಿಗೆಂದೇ ಹೊಡೆದೆ, ಕಿವಿಗೆ ಬಿತ್ತು. ನಿಮ್ಮ ಚರ್ಮ ಹಿಟ್ಟಿನ ಜೊತೆ ಎದ್ದು ಬಂದಾಗ ನನಗೆ ಅಯ್ಯೋ ಅನ್ನಿಸಲಿಲ್ಲ. ಸಮಾಧಾನವಾಯಿತು. ನೀವು ನನ್ನ ಕೈ ತಿರುಚಿದಿರಿ, ಮೂಳೆ ಲಟಕ್ಕೆಂದಿತು. ನಾವಿಬ್ಬರೂ ಹಾಗೆ ಕಿತ್ತಾಡುವಾಗ ಮಾವ ನಮ್ಮನ್ನೇ ನೋಡುತ್ತಿದ್ದರು. ಅವರನ್ನು ಎತ್ತಿಕೊಂಡವರು ಪಕ್ಕದ ಮನೆಯವರು. ಗೂಡ್ಸ್ ಆಟೋದಲ್ಲಿ ಕೊಳ್ಳೇಗಾಲ ಮುಟ್ಟುವ ಹೊತ್ತಿಗೆ ಅವರ ಕಣ್ಣಗುಡ್ಡೆ ಮೇಲೇರಿತ್ತು. ನಾವು ಕಿತ್ತಾಡಿ ಕಳೆದ ಆ ಹತ್ತು ನಿಮಿಷವನ್ನು ನಿಮ್ಮೊಬ್ಬರ ತಲೆಗೇ ಕಟ್ಟುವುದಿಲ್ಲ. ಅದರಲ್ಲಿ ನನ್ನದೂ ಪಾಲಿದೆ.

ನೀವು ಅಪ್ಪನನ್ನು ಕೊಲ್ಲಲೆಂದು ಕಲಸಿದಿರಿ ಎಂದು ನಾನು ಹೇಳುವುದಿಲ್ಲ. ಗಿಣಿಯ ಮೇಲಿನ ಸಿಟ್ಟಿನಲ್ಲಿ ಆ ಮೊದಲ ಹಿಡಿಯನ್ನು ಮರೆತಿರಿ. ಆದರೆ ಬದುವಿನ ಮೇಲಿಂದ ಹೊಂಗೆಮರ ನೆಟ್ಟಗೆ ಕಾಣುತ್ತದೆ. ಅವರು ಮೊರಕ್ಕೆ ಕೈ ಹಾಕಿದ್ದು ನಿಮಗೆ ಕಂಡಿತೇ? ಕಂಡೂ ಕೂಗಲಿಲ್ಲವೇ? ಉತ್ತರ ನನಗೆ ಬೇಡ, ನಿಮ್ಮಲ್ಲೇ ಇಟ್ಟುಕೊಳ್ಳಿ.

ಮೂರು ದಿನ ಒದ್ದಾಡಿ ಗುರುವಾರ ಅವರು ಹೋದರು. ಆಸ್ಪತ್ರೆಯಲ್ಲಿ ಕೊಯ್ದು ಹೊಲಿದ ಮೈಯನ್ನು ಸಮಾಧಿಯಲ್ಲಿ ಕೂರಿಸುವಾಗ ಕತ್ತು ನಿಲ್ಲಲಿಲ್ಲ, ಪಕ್ಕಕ್ಕೆ ವಾಲುತ್ತಲೇ ಇತ್ತು. ನೀವು ಹಿಡಿದು ನೆಟ್ಟಗೆ ಮಾಡಿದಿರಿ. ನನಗೆ ಗಿಣಿಗಳ ನೆನಪಾಯಿತು. ಅವತ್ತೇ ತೀರ್ಮಾನ ಮಾಡಿದ್ದೆನೋ ಏನೋ, ಗೊತ್ತಾಗಲು ಇಷ್ಟು ದಿನ ಹಿಡಿಯಿತು.

ನಿನ್ನೆ ಅವ್ವನ ಜೊತೆ ಹನೂರಿಗೆ ಹೋಗಿ ಠಾಣೆಯಲ್ಲಿ ಎಲ್ಲವನ್ನೂ ಹೇಳಿ ಬಂದೆ. ಭಾನುವಾರದ ಬೋಸಿಯನ್ನೂ ಹೇಳಿದೆ, ನನ್ನ ಮುದ್ದೆಕೋಲನ್ನೂ ಹೇಳಿದೆ. ಗಂಡನ ಹೆಸರೇನು ಎಂದು ಕೇಳಿದರು. ಇಷ್ಟು ವರ್ಷ ‘ಇವರು’, ‘ಅವರು’ ಎಂದೇ ಬಾಳಿದವಳು, ಬಸವೇಶ ಎಂದೆ. ಬರೆಯುವವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ನುಚ್ಚಕ್ಕಿಯನ್ನೂ ಕೊಟ್ಟೆ. ಆ ಸೋಮವಾರ ಮಧ್ಯಾಹ್ನವೇ ನೀವು ಮೊರ ಸುಟ್ಟು, ಹಿತ್ತಲು ಗುಡಿಸಿ, ಸತ್ತ ಹಕ್ಕಿಗಳನ್ನು ಹೂತು ಬಂದಿದ್ದಿರಿ. ಇವಳಿಗೆ ನುಚ್ಚಕ್ಕಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಈಗ ಪೊಟ್ಟಣ ಬಿಚ್ಚಿ. ಮುಟ್ಟಿದರೆ ಕೈ ತೊಳೆದುಕೊಳ್ಳಿ.

ಇಂತಿ,
ಮಾಲಿನಿ
ರುದ್ರಸ್ವಾಮಿಯವರ ಸೊಸೆ

ಮರೆತಿದ್ದೆ: ಸಿಂಧು ಅವತ್ತು ಮಲಗಿರಲಿಲ್ಲ. ತಾತನ ಪಕ್ಕದಲ್ಲೇ ನಿಂತಿದ್ದಳು. ನಿಮಗೆ ಹೊಡೆದು ಮುಗಿದ ಮೇಲೆ ಬಚ್ಚಲ ಹಂಡೆಯ ಹಿಂದೆ ಸಿಕ್ಕಳು, ಬಲಗೈ ಮುಷ್ಟಿ ಕಟ್ಟಿಕೊಂಡಿದ್ದಳು. ಒಂದೊಂದೇ ಬೆರಳು ಬಿಡಿಸಿ, ಅಂಗೈಯಿಂದ ಕೆರೆದು ತೆಗೆದು, ಉಜ್ಜಿ ಉಜ್ಜಿ ತೊಳೆದೆ. ಠಾಣೆಗೆ ಕೊಟ್ಟದ್ದು ಅದನ್ನೇ, ಅದರಲ್ಲಿ ಹತ್ತು ಕಾಳು ನಿಮಗೆ ಕಳಿಸಿದ್ದೇನೆ. ಅವಳ ಮುಂದಿನ ಹಲ್ಲು ಅಲ್ಲಾಡುತ್ತಿತ್ತು, ಅಗಿದರೆ ನೋಯುತ್ತಿತ್ತು. ಹಲ್ಲು ಬಿದ್ದ ಮೇಲೆ ತಿನ್ನುತ್ತೇನೆ ಎಂದು ತಾತನಿಗೆ ಹೇಳಿದ್ದಳಂತೆ. ಇವತ್ತು ಬೆಳಗ್ಗೆ ಹಲ್ಲು ಬಿತ್ತು. "ತಾತ ಕೊಟ್ಟಿದ್ದ ನುಚ್ಚಕ್ಕಿ ಎಲ್ಲವ್ವ" ಎಂದು ಕೇಳುತ್ತಿದ್ದಾಳೆ.