ಮೂರನೇ ಪಟ್ಟಿ

ಕೊಂಢವಾ, ಪುಣೆ
೧೨ ಫೆಬ್ರುವರಿ ೧೯೮೬

ಹುನಗುಂದ ಎಂಜಿನಿಯರ್ ಸಾಹೇಬ್ರಿಗೆ ಗ್ಯಾಂಗಿನ ಮುಕಾದಮ ಅವ್ವಣ್ಣನ ಶರಣು.

ನಾಳೆ ರಿಪೋರ್ಟ್ ಕಳಸ್ತೀರಂತ ಕೇಳೀನ್ರಿ. ಇದನ್ನ ಓದೂತನಕ ಸಹಿ ಮಾಡಬ್ಯಾಡ್ರಿ.

ಡ್ಯಾಮ್ ಕಟ್ಟೂ ಮೊದಲು ಪರೀಕ್ಷಾ ಮಾಡಾಕ, ರೋಲರ್ ಹೊಡಿಯೋ ಕಾಂಕ್ರೀಟಿನ ನಾಕು ಉದ್ದನ ಪಟ್ಟಿ ನೆಲದ ಮ್ಯಾಲೆ ಹಾಕಿಸಿದ್ರಿ. ಸಿಮೆಂಟ್ ಕಡಿಮಿ ಮಾಡಿ, ಕಲ್ಲಿದ್ದಲು ಸುಟ್ಟ ಹಾರುಬೂದಿ ಬೆರಸಂದ್ರಿ. ಮೂರನೇದಕ್ಕ ಎಲ್ಲಾಕಿಂತ ಹೆಚ್ಚು ಬೂದಿ ಅಂದ್ರಿ. ಅದನ್ನ ಹಾಕೋ ದಿವಸ ನೀವು ಪಿಂಪ್ರಿಗೆ ಹೋಗಿದ್ರಿ. ಬೂದಿ ಅಂದ್ರ ನಮ್ಮ ಮನ್ಯಾಗ ಭಾಂಡಿ ತಿಕ್ಕೋದ್ರಿ. ಮಾಲು ಕೊಡೋ ಗುತ್ತೇದಾರ ಸಿಮೆಂಟಿನ ರೊಕ್ಕ ಉಳಸಾಕ ಬೂದಿ ಒಪ್ಪಿಸಿ ನಿಮಗ ಮೋಸ ಮಾಡಾಕತ್ಯಾನ, ನಿಮ್ಮ ಹೆಸರು ಕೆಡತದ ಅಂತ ತಿಳದು, ಬೂದಿ ಚೀಲ ಬದಿಗಿಟ್ಟು ಬರೇ ಸಿಮೆಂಟ್ ಹಾಕಿಸಿದೆ.

ನಿನ್ನೆ ನೀವು ಆ ಪಟ್ಟಿ ಕೊರದು ತಗದ ತುಂಡು ಕೈಯಾಗ ಹಿಡದು, "ನೋಡೋ ಅವ್ವಣ್ಣ, ಬೂದಿ ಹೆಂಗ ಗಟ್ಟಿ ಬಂದದ! ಡ್ಯಾಮಿಗೂ ಇದ ಅಳತಿ" ಅಂದ್ರಿ. ನಾನು "ಹೌದ್ರಿ" ಅಂದೆ.

ಆ ತುಂಡಿನಾಗ ಚಿಟಿಕಿ ಬೂದಿ ಇಲ್ರಿ.

ಮಿಕ್ಸರ್ ಮ್ಯಾಲಿನ ಮಾನಮ್ಮನ್ನ ಬೈಬ್ಯಾಡ್ರಿ. ಆಕಿ ನಾ ಹೇಳಿದ ಚೀಲ ಸುರದಾಳ, ಅಷ್ಟ. ಮೂರನೇ ಪಟ್ಟಿ ಒಡಸ್ರಿ. ನೀವು ಮುಂದ ನಿಲ್ಲರಿ, ಹೊಸಾದು ಹಾಕಿ ಕೊಡ್ತೀವಿ. ಆಮ್ಯಾಲೆ ನನ್ನ ಕೆಲಸದಿಂದ ತಗೀತೀನಂದ್ರ ತಗೀರಿ.

ಡ್ಯಾಮಿನ ಕೆಲಸಾನೂ ನಮ್ಮ ಗ್ಯಾಂಗಿಗೇ ಕೊಡ್ತೀನಂದಿದ್ರಿ. ಆ ಗೋಡಿ ಬುಡಕ ಗುಡಸಲಾ ಹಾಕಿ ಮಕ್ಕಳನ್ನ ಮಲಗಸೋರು ನಾವ ಅಲ್ಲೇನ್ರಿ?

ಮುಂಜಾನೆ ನಿಮ್ಮ ಜೀಪಿನ ದಾರಿ ಕಾಯೋ,
ಅವ್ವಣ್ಣ